ಕಪ್ಪು ಡಬ್ಬಿಯ ಮಾತ್ರೆ ಮಾವ

ಮಾತ್ರೆ ಮಾವ ಹೋದರು ಎಂದು ಅಮ್ಮ ಬಂದು ಹೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ಅಮ್ಮ ನನ್ನ ಕೈ ನೋಡಿ, "ಹೋದವರ ಮೇಲೂ ಅದೇ ಸಿಟ್ಟೇನೇ?" ಎಂದಳು. ಹೌದು, ಅದೇ ಸಿಟ್ಟು, ಚೂರೂ ಕಡಿಮೆಯಾಗಿಲ್ಲ ಎಂದೆ.

ಮೂರನೆಯ ದಿನ ಕನ್ನಡ ಸಂಘದಿಂದ ಫೋನು. "ನೀವು ಅವರ ಬಿಲ್ಡಿಂಗಿನೋರೇ ಅಲ್ವಾ? ಸಂಚಿಕೆಗೆ ಅವರ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದುಕೊಡಿ. ಎಷ್ಟು ಜನಕ್ಕೆ ಉಪಕಾರ ಮಾಡಿದ ಜೀವ." ನಾಲ್ಕು ಒಳ್ಳೆಯ ಮಾತಿಗಾಗಿ ನಾನು ಪ್ರಾಮಾಣಿಕವಾಗಿ ಹುಡುಕಿದೆ. ಎರಡು ಸಿಕ್ಕವು. ಅವರ ಬಟ್ಟೆ ಯಾವಾಗಲೂ ಇಸ್ತ್ರಿಯಾಗಿರುತ್ತಿತ್ತು. ಪಾನ್ ತಿಂದು ಮೆಟ್ಟಿಲ ಮೂಲೆಗೆ ಉಗುಳುತ್ತಿರಲಿಲ್ಲ. ಎರಡೇ ಮಾತಿಗೆ ಸಂಚಿಕೆಯಲ್ಲಿ ಜಾಗ ಕೊಡುವುದಿಲ್ಲವಾದ್ದರಿಂದ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅದು ಆ ಮಹಾನುಭಾವರ ಮೇಲಿನ ಗೌರವದಿಂದಲ್ಲ. ಅವರ ಹೆಂಡತಿ ಇನ್ನೂ ಅದೇ ಮನೆಯಲ್ಲಿದ್ದಾರೆ, ನನಗೆ ಅವರೆಂದರೆ ಇಷ್ಟ.

ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಆಗ ಆರು ಕನ್ನಡದ ಮನೆಗಳಿದ್ದವು. ನಾವು ಎರಡನೆಯ ಮಹಡಿ, ಅವರು ಮೂರನೆಯದು. ಅವರು ಒಂದು ದೊಡ್ಡ ಔಷಧ ಕಂಪನಿಯಲ್ಲಿ ಗುಮಾಸ್ತರು. ಡಾಕ್ಟರುಗಳಿಗೆ ಪುಕ್ಕಟೆ ಹಂಚಲು ಕಂಪನಿ ಕಳಿಸುವ ಸ್ಯಾಂಪಲ್ ಮಾತ್ರೆಗಳ ಪೆಟ್ಟಿಗೆಗಳು ಅವರ ಸೆಕ್ಷನ್ ಮೂಲಕ ಹೋಗುತ್ತಿದ್ದವು. ಹೋಗುವಾಗ ಒಂದಿಷ್ಟು ಇವರ ಬ್ಯಾಗಿಗೂ ಬರುತ್ತಿದ್ದವು. ಬಿಲ್ಡಿಂಗಿನ ಮಕ್ಕಳು ಇಟ್ಟ ಹೆಸರು ಮಾತ್ರೆ ಮಾವ. ಅವರಿಗೆ ಆ ಹೆಸರು ಬಲು ಇಷ್ಟವಾಗಿತ್ತು. ಗುಮಾಸ್ತ ಅನ್ನುವುದಕ್ಕಿಂತ ಅದು ಡಾಕ್ಟರ್ ಅನ್ನುವುದಕ್ಕೆ ಹತ್ತಿರ ಎಂದು ತಿಳಿದಿದ್ದರೋ ಏನೋ.

ಕ್ಯಾಮೆರಾದ ಫಿಲ್ಮ್ ರೋಲು ಹಾಕಿಕೊಡುವ ಪುಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬಿ ಇರುತ್ತದಲ್ಲ, ಸ್ಟೇಷನ್ ಹತ್ತಿರದ ಫೋಟೋ ಸ್ಟುಡಿಯೋದಿಂದ ಅವನ್ನು ಕೇಳಿ ತಂದು ಮಾತ್ರೆ ತುಂಬಿಡುತ್ತಿದ್ದರು. ಬುಶ್‌ಶರ್ಟಿನ ಎರಡೂ ಜೇಬು ಸದಾ ಉಬ್ಬಿರುತ್ತಿದ್ದವು. ಯಾರಾದರೂ ಕೆಮ್ಮಿದರೆ ಸಾಕು, ಒಂದು ಡಬ್ಬಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಎಷ್ಟಿವೆ ಎಂದು ಕೇಳಿಸಿಕೊಳ್ಳುವುದಕ್ಕೆ. ಆಮೇಲೆ ರೋಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ "ಹೂಂ" ಅನ್ನುತ್ತಿದ್ದರು. ಕೆಮ್ಮಿಗೂ ಕಣ್ಣು, ಹೊಟ್ಟೆನೋವಿಗೂ ಕಣ್ಣು. ಪಕ್ಕದ ಮನೆಯ ಗುಜರಾತಿ ಹೆಂಗಸು ಲೋಕಲ್ ರೈಲಿನಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡು ಬಂದರೆ ಅವಳ ಕಣ್ಣನ್ನೂ ಎಳೆದು ನೋಡಿದರು. ನಾನು ಪಕ್ಕದಲ್ಲೇ ಇದ್ದೆ, ನಗು ತಡೆಯಲಾರದೆ ಒಳಗೆ ಓಡಿಹೋದೆ. ಆ ನಗುವಿನ ಫಲವನ್ನು ಆಮೇಲೆ ಚೆನ್ನಾಗಿ ಅನುಭವಿಸಿದೆ.

ಡಾಕ್ಟರುಗಳೆಂದರೆ ಅವರಿಗೆ ಬಹಳ ಅಸಡ್ಡೆ. "ಅವರೇನು, ಚೀಟಿ ಬರೆಯೋರು. ಮಾಲು ನಮ್ಮದು" ಅನ್ನುತ್ತಿದ್ದರು. ಬೆಳಗಿನ ಲೋಕಲ್‌ನಲ್ಲಿ ಅವರ ಸುತ್ತ ಒಂದು ಗುಂಪು ನಿಲ್ಲುತ್ತಿತ್ತಂತೆ. ಮಾತಿನ ನಡುವೆ ಮಾಲಿಕ್ಯೂಲು, ಡೋಸು, ಪೇಟೆಂಟು ಎಂದು ಉದುರಿಸುತ್ತಿದ್ದರು. ಎಲ್ಲಕ್ಕಿಂತ ಅವರ ನಾಲಿಗೆಯ ಮೇಲೆ ಕುಣಿಯುತ್ತಿದ್ದ ಮಾತು ರಿಯಾಕ್ಷನ್. ಆಫೀಸಿನಲ್ಲಿ ಯಾರ ಬಾಯಿಂದಲೋ ಆ ಮಾತು ಕೇಳಿ, ಅದು ಒಳ್ಳೆಯ ವಿಷಯ ಎಂದು ಪುಣ್ಯಾತ್ಮರು ತೀರ್ಮಾನಿಸಿಬಿಟ್ಟಿದ್ದರು. ಔಷಧಿ ಮೈಯೊಳಗೆ ಹೋಗಿ ರೋಗದ ಜೊತೆ ಜಗಳ ಆಡಿದರೆ ಅದು ರಿಯಾಕ್ಷನ್. ಆಗದಿದ್ದರೆ ಮಾಲು ಸುಮಾರು ಎಂದು ಲೆಕ್ಕ. ಮಾತ್ರೆ ನುಂಗಿ ವಾಂತಿ ಮಾಡಿಕೊಂಡವರನ್ನು ಬೆನ್ನು ತಟ್ಟಿ, "ಶಾಬಾಸ್, ಹಿಡಿದಿದೆ" ಅನ್ನುತ್ತಿದ್ದರು.

ನನಗೆ ಇಪ್ಪತ್ತಮೂರು ನಡೆಯುತ್ತಿತ್ತು. ಅಪ್ಪ ಇರಲಿಲ್ಲ. ದಾದರಿನ ಒಂದು ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ, ಮನೆ ನಡೆಯುತ್ತಿದ್ದದ್ದು ಅದರಲ್ಲೇ. ಒಂದು ಶನಿವಾರ ಜ್ವರ, ಗಂಟಲು ಕಟ್ಟಿ ದನಿಯೇ ಬರುತ್ತಿರಲಿಲ್ಲ. ಆಪರೇಟರಿಗೆ ದನಿ ಇಲ್ಲದಿದ್ದರೆ ಹೇಗೆ? ಅಮ್ಮ ಮೇಲೆ ಹೋಗಿ ಹೇಳಿದಳು. ಮಾವ ಬಂದರು, ಕಣ್ಣು ನೋಡಿದರು, ಅಂಗೈ ಮೇಲೆ ಒಂದು ಮಾತ್ರೆ ಇಟ್ಟು, ಇನ್ನೊಂದಿಷ್ಟನ್ನು ಅಮ್ಮನ ಕೈಗೆ ಕೊಟ್ಟರು. "ದಿನಕ್ಕೆ ಎರಡು. ಸೋಮವಾರ ಬೋರ್ಡ್ ಮುಂದೆ ಕೂತು ಹಾಡ್ತೀಯ ನೋಡು." ಮೂರನೆಯ ದಿನ ತುಟಿ ಒಡೆಯಿತು, ಕಣ್ಣು ಉರಿಯಿತು, ಎದೆಯ ಮೇಲೆ ಕೆಂಪು ಗಂದೆ ಎದ್ದಿತು. ಮೈಮೇಲೆ ಸಿಡುಬಿನ ಅಮ್ಮ ಎದ್ದಿರಬೇಕು ಎಂದು ನಮ್ಮಮ್ಮ ಬೇವಿನ ಸೊಪ್ಪಿಗೆ ಓಡಾಡಿದಳು. ಮಾವ ಬಂದು ನೋಡಿದವರೇ ಅರಳಿಬಿಟ್ಟರು.

"ಗಾಬರಿ ಆಗ್ಬೇಡಿ. ರಿಯಾಕ್ಷನ್ ಶುರುವಾಗಿದೆ. ಇನ್ನೆರಡು ಕೊಡಿ, ಪೂರ್ತಿ ಹೊರಗೆ ಬರುತ್ತೆ."

ಅಮ್ಮ ಕೊಟ್ಟಳು, ನಾನು ನುಂಗಿದೆ. ಹೊರಗೆ ಬಂದದ್ದು ಚರ್ಮ. ಬೆನ್ನಿನಿಂದ, ತೋಳಿನಿಂದ, ಕತ್ತಿನಿಂದ ಹಾಳೆಯ ಹಾಗೆ ಸುಲಿದು ಹಾಸಿಗೆಗೆ ಅಂಟಿಕೊಂಡಿತು. ಆ ತಿಂಗಳ ಬಗ್ಗೆ ಇಷ್ಟೇ ಬರೆಯುತ್ತೇನೆ. ಆಸ್ಪತ್ರೆಯಲ್ಲಿ ಬಾಳೆ ಎಲೆಯ ಮೇಲೆ ಮಲಗಿಸಿದ್ದರು, ಬಟ್ಟೆ ತಾಗಿದರೆ ಕಿರುಚುತ್ತಿದ್ದೆ. ಉಳಿಯುತ್ತೇನೆ ಎಂದು ಯಾರೂ ಹೇಳಿರಲಿಲ್ಲ.

ಉಳಿದೆ. ಚರ್ಮದ ವಾರ್ಡಿನ ಡಾಕ್ಟರಮ್ಮ ಮರಾಠಿಯವರು, ಸಣ್ಣ ಆಳು, ದೊಡ್ಡ ದನಿ. ನಾನು ಕಣ್ಣು ಬಿಟ್ಟ ದಿನದಿಂದ ಅವರದು ಒಂದೇ ಪ್ರಶ್ನೆ: "ಗೋಳಿ ಕುಠಲಿ ಹೋತಿ?" ಯಾವ ಮಾತ್ರೆ ಅದು? ಹೆಸರು ಗೊತ್ತಾಗಲೇಬೇಕು, ಅದೇ ಮಾತ್ರೆಯೋ ಅದರ ಜಾತಿಯದೋ ಇನ್ನೊಮ್ಮೆ ಹೊಟ್ಟೆಗೆ ಹೋದರೆ ಎರಡನೆಯ ಸಲ ತಮ್ಮಿಂದಲೂ ಏನೂ ಆಗದು ಎಂದು ಅಮ್ಮನಿಗೆ ಬಿಡಿಸಿ ಹೇಳಿದರು. ನುಂಗಿದವಳಿಗೆ ಅದರ ಆಕಾರವೂ ನೆನಪಿರಲಿಲ್ಲ, ಅಷ್ಟು ಜ್ವರ. ಕೊಟ್ಟ ಅಮ್ಮನಿಗೆ ಬಿಳಿಯದು ಎಂದಷ್ಟೇ ನೆನಪು, ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಅಮ್ಮ ಅದೇ ಸಂಜೆ ಮೂರನೆಯ ಮಹಡಿ ಹತ್ತಿದಳು.

"ನಾನು ಕೊಟ್ಟಿದ್ದು ಬರೀ ವಿಟಮಿನ್" ಎಂದರು ಮಾವ. "ಆಸ್ಪತ್ರೆಯವರು ಏನೋ ಕೊಟ್ಟು ಕೆಡಿಸಿದಾರೆ. ಅವರು ಹೀಗೇನೇ."

"ಆಸ್ಪತ್ರೆಗೆ ಹೋಗೋಕೆ ಮುಂಚೇನೇ ಮೈ ಸುಲಿದಿತ್ತಲ್ಲ."

"ಅದು ಉಷ್ಣ ಕಣ್ರೀ" ಎಂದು ಬಾಗಿಲು ಹಾಕಿಕೊಂಡರಂತೆ. ಒಳಗಿನಿಂದ ಅವರ ಹೆಂಡತಿ, ನಾವು ಅತ್ತೆ ಅನ್ನುತ್ತಿದ್ದವರು, ಏನೋ ಹೇಳಲು ಹೊರಟದ್ದು ಕೇಳಿಸಿತು ಎಂದು ಅಮ್ಮ ಆಮೇಲೆ ಹೇಳಿದಳು.

ಹೊಸ ಚರ್ಮ ಬಂತು, ಬಣ್ಣ ಬರಲಿಲ್ಲ. ಕತ್ತಿನ ಮೇಲೆ, ಎರಡೂ ತೋಳಿನ ಮೇಲೆ, ಬೆರಳ ತುದಿಗಳಲ್ಲಿ, ಬಲಗೆನ್ನೆಯಲ್ಲಿ ಬಿಳಿ ಮಚ್ಚೆಗಳು, ಅಂಚಿಗೆಲ್ಲ ಕಪ್ಪು. ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರತೊಡಗಿತು. ಪೀಕ್ ಅವರ್‌ನಲ್ಲಿ ಮುಲುಂಡಿನಿಂದ ದಾದರಿಗೆ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಹೋದವಳು ನಾನೊಬ್ಬಳೇ ಇರಬೇಕು. ಆಫೀಸಿನಲ್ಲಿ ಕೆಲಸ ಉಳಿಯಿತು. ಟೆಲಿಫೋನ್ ಬೋರ್ಡಿನ ಹಿಂದೆ ಯಾರಿಗೂ ಮುಖ ಬೇಕಿರಲಿಲ್ಲ.

ಬಣ್ಣ ತರಿಸಬಹುದು ಎಂದರು ಡಾಕ್ಟರಮ್ಮ. ಬೆಳಕಿನಿಂದ. ಒಂದು ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು, ಉದ್ದುದ್ದ ಟ್ಯೂಬ್‌ಲೈಟಿನಂಥ ದೀಪಗಳಿರುವ ಕಪಾಟಿನೊಳಗೆ ನಿಲ್ಲಬೇಕು, ಮೈಯೆಲ್ಲ ಒಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅವರ ಆಸ್ಪತ್ರೆಗೆ ಆ ಕಪಾಟು ಹೊಸದಾಗಿ ಬಂದಿತ್ತು, ಹಸಿರು ಪರದೆ ಸರಿಸಿ ತೋರಿಸಿದರು. ನನಗೆ ಅಲ್ಲೇ ನಿಂತುಬಿಡೋಣ ಅನ್ನಿಸಿತು. ಆದರೆ ಪರದೆ ಎಳೆದು ಅವರೇ ಹೇಳಿದರು: "ನಿನಗೆ ಕೊಡೋದಿಲ್ಲ. ನಿನ್ನ ಮೈ ಯಾವ ಗೋಳಿಗೆ ಹಾಗಾಯ್ತು ಅಂತ ಗೊತ್ತಾಗೋ ತನಕ ನಾನಾಗಿ ಒಂದೂ ಹೊಸ ಗೋಳಿ ನಿನ್ನ ಹೊಟ್ಟೆಗೆ ಹಾಕಲ್ಲ. ಹೆಸರು ತಾ, ಆಮೇಲೆ ನೋಡೋಣ." ಹಿಂದಿಯಲ್ಲಿ ಹೇಳಿದ್ದರು, ನನ್ನ ತಲೆಯಲ್ಲಿ ಅದು ಕನ್ನಡದಲ್ಲೇ ಉಳಿದಿದೆ.

ಹಾಗಾಗಿ ನನ್ನ ಪಾಲಿಗೆ ಬಂದದ್ದು ಲೋಷನ್ನು ಮತ್ತು ಟೆರೇಸಿನ ಬಿಸಿಲು. ವಾರಕ್ಕೆ ಮೂರು ಸಲ, ಒಂದು ಸಲಕ್ಕೆ ಅಂಗೈ ಅಗಲದಷ್ಟು ಜಾಗ. ಕಡ್ಡಿಗೆ ಹತ್ತಿ ಸುತ್ತಿ, ಬಿಳಿಯ ಮೇಲೆ ಮಾತ್ರ, ಅಂಚು ದಾಟದ ಹಾಗೆ ಹಚ್ಚಬೇಕು. ಅರ್ಧ ಗಂಟೆ ಕಾಯಬೇಕು. ಆಮೇಲೆ ಒಂದೇ ನಿಮಿಷ ಬಿಸಿಲು. ಮುಂದಿನ ವಾರ ಒಂದೂವರೆ ನಿಮಿಷ. ತಕ್ಷಣ ಸೋಪಿನಲ್ಲಿ ತೊಳೆದು ದಿನವಿಡೀ ಮುಚ್ಚಿಕೊಳ್ಳಬೇಕು. ಸ್ವಲ್ಪ ಹೆಚ್ಚಾದರೆ ಗುಳ್ಳೆ ಏಳುತ್ತದೆ. ಆಫೀಸಿನಲ್ಲಿ ಬೇಡಿ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡೆ. ಬೆಳಿಗ್ಗೆ ಹತ್ತಕ್ಕೆ ಅಮ್ಮ ಗಡಿಯಾರ ಹಿಡಿದು ನೀರಿನ ಟ್ಯಾಂಕಿನ ಪಕ್ಕ ನಿಲ್ಲುತ್ತಿದ್ದಳು, ನಾನು ತೋಳು ಚಾಚುತ್ತಿದ್ದೆ. ಮಳೆಗಾಲ ಬಂದರೆ ಮೂರು ತಿಂಗಳು ಕೆಲಸ ನಿಂತೇ ಹೋಗುತ್ತಿತ್ತು, ಬಂದ ಬಣ್ಣದಲ್ಲಿ ಒಂದಷ್ಟು ವಾಪಸ್ ಹೋಗುತ್ತಿತ್ತು. ಕಪಾಟಿನಲ್ಲಿ ಒಂದು ವರ್ಷದಲ್ಲಿ ಮುಗಿಯಬಹುದಾಗಿದ್ದದ್ದು ನನಗೆ ನಾಲ್ಕು ವರ್ಷ ಹಿಡಿಯಿತು.

ಆರನೆಯ ತಿಂಗಳಿಗೋ ಏನೋ, ಎಡತೋಳಿನ ಬಿಳಿಯ ನಡುವೆ ಕಂದು ಚುಕ್ಕೆಗಳು ಕಂಡವು, ರಾಗಿ ಕಾಳು ಚೆಲ್ಲಿದ ಹಾಗೆ. ಅಮ್ಮ ಎಣಿಸಿದಳು, ಹದಿನೇಳು. ಟೆರೇಸಿನ ಮೇಲೆ ಕೂತು ಇಬ್ಬರೂ ಅತ್ತೆವು.

ಈ ಸುದ್ದಿ ಮೂರನೆಯ ಮಹಡಿಗೆ ಮುಟ್ಟಬಾರದಿತ್ತು, ಮುಟ್ಟಿತು. ಮರುವಾರ ಮಾವ ಟೆರೇಸಿಗೆ ಬಂದರು. ಜೊತೆಗೆ ಅವರ ಆಫೀಸಿನ ಯಾರೋ ಒಬ್ಬ ಹೆಂಗಸು, ಕೈಯೆಲ್ಲ ಬಿಳಿ, ಪಾಪ. ಒಂದು ಮಾತು ಕೇಳದೆ ನನ್ನ ತೋಳು ಹಿಡಿದು, ಸೀರೆ ಅಂಗಡಿಯವನು ಸೆರಗು ತೋರಿಸುವ ಹಾಗೆ ಬೆಳಕಿಗೆ ತಿರುಗಿಸಿದರು. "ದೇಖಾ? ಕೈಸಾ ಪಕಡಾ ಹೈ. ಹೇಗೆ ಹಿಡಿದಿದೆ ನೋಡಿ. ಬಿಸಿಲು ಕೊಡಿ ಅಂತ ಇವರಿಗೆ ಹೇಳಿದ್ದೇ ನಾನು." ಅಮ್ಮ ಕೈಯಲ್ಲಿದ್ದ ಗಡಿಯಾರ ಎತ್ತಿ ಹಿಡಿದಳು. ಎಸೆದುಬಿಡುತ್ತಾಳೆ ಅಂದುಕೊಂಡೆ. ನಾನೇ ಬಾಯಿ ಬಿಟ್ಟೆ.

"ಮಾವ, ಆ ಮಾತ್ರೆ ಹೆಸರು ಹೇಳಿ. ಡಾಕ್ಟರು ಕೇಳ್ತಿದಾರೆ."

ಮಾವ ಆಕಾಶ ನೋಡಿದರು. "ಮೋಡ ಬರೋ ಹಾಗಿದೆ ಪುಟ್ಟಿ. ಬೇಗ ಮುಗಿಸ್ಕೋ" ಎಂದು ಆ ಹೆಂಗಸನ್ನು ಕರೆದುಕೊಂಡು ಇಳಿದರು. ನವೆಂಬರಿನ ಆಕಾಶ, ಒಂದು ಚೂರು ಮೋಡ ಇರಲಿಲ್ಲ. ಆ ಗಡಿಬಿಡಿಯಲ್ಲಿ ನನ್ನ ನಿಮಿಷ ಮೀರಿಹೋಗಿ ಅವತ್ತು ಸಂಜೆಗೆ ತೋಳಿನ ಮೇಲೆ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಎದ್ದಿತು.

ಅಲ್ಲಿಂದ ಮುಂದೆ ಅದೇ ಕೆಲಸ ಮಾಡಿಕೊಂಡೆ. ಮೆಟ್ಟಿಲಲ್ಲಿ ಸಿಕ್ಕರೆ ಕೇಳಿದೆ. ಗಣಪತಿ ಹಬ್ಬದಲ್ಲಿ ಮಂಗಳಾರತಿ ತಟ್ಟೆ ಹಿಡಿದು ಬಂದಾಗ ಕೇಳಿದೆ. ಆಫೀಸಿನ ಬೋರ್ಡಿನಿಂದ ಅವರ ಕಂಪನಿಗೆ ಫೋನ್ ಹಚ್ಚಿ ಕೇಳಿದೆ. ಒಂದೊಂದು ಸಲ ಒಂದೊಂದು ಉತ್ತರ. ವಿಟಮಿನ್. ಟಾನಿಕ್ ಮಾತ್ರೆ. ಹಳೆಯ ಮಾಲು, ಕಂಪನಿ ನಿಲ್ಲಿಸಿಬಿಟ್ಟಿದೆ. ಒಮ್ಮೆ, "ಹೆಸರಲ್ಲೇನಿದೆ, ಗುಣ ಆಯ್ತಲ್ಲ" ಎಂದು ನಕ್ಕರು. ಗೊತ್ತಿದ್ದೂ ಮುಚ್ಚಿಡುತ್ತಿದ್ದಾನೆ ಈ ಮನುಷ್ಯ, ಕೆಲಸ ಹೋಗುತ್ತದೆ ಎಂದು ಹೆದರಿ ನನ್ನ ಪ್ರಾಣ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾನೆ ಎಂದು ಹೊಟ್ಟೆ ಉರಿಯುತ್ತಿತ್ತು.

ಅವರ ಉಪಕಾರ ಬುದ್ಧಿ ಅಲ್ಲಿಗೂ ನಿಲ್ಲಲಿಲ್ಲ. ವಡಾಲದಲ್ಲಿ ನಮ್ಮ ನೆಂಟರ ಮನೆಯ ಸತ್ಯನಾರಾಯಣ ಪೂಜೆಗೆ ಬೆಂಗಳೂರಿನಿಂದ ಒಂದು ಗಂಡಿನ ಕಡೆಯವರು ಬಂದಿದ್ದರು. ಉದ್ದ ತೋಳಿನ ರವಿಕೆ ಹಾಕಿ ಹೋಗಿದ್ದೆ. ಮುಚ್ಚಿಡುವುದಕ್ಕಲ್ಲ, ಊಟವಾದ ಮೇಲೆ ಅಮ್ಮ ಎಲ್ಲ ಹೇಳುವವಳಿದ್ದಳು. ಪ್ರಸಾದ ಹಂಚುವಾಗ ಮಾವ ಎಲ್ಲಿಂದಲೋ ಪ್ರತ್ಯಕ್ಷರಾಗಿ ಹುಡುಗನ ತಾಯಿಯ ಎದುರು ನಿಂತರು. "ಒಂದು ಮಾತು ಕ್ಲಿಯರ್ ಮಾಡ್ತೀನಿ. ನಮ್ಮ ಹುಡುಗಿಗೆ ಇರೋದು ತೊನ್ನಲ್ಲ. ಯಾರು ಏನೇ ಹೇಳಲಿ, ತೊನ್ನು ಅಲ್ಲವೇ ಅಲ್ಲ." ಹೂ ಕಟ್ಟುತ್ತಿದ್ದವರು, ಎಲೆ ಹಾಕುತ್ತಿದ್ದವರು, ಎಲ್ಲರೂ ತಿರುಗಿ ನೋಡಿದರು. ಅಲ್ಲ ಅನ್ನುವುದು ಯಾರ ಕಿವಿಗೂ ಬೀಳಲಿಲ್ಲ. ಆ ತಾಯಿ ನನ್ನ ಕೈಯಿಂದ ಕುಂಕುಮದ ಬಟ್ಟಲು ತೆಗೆದುಕೊಳ್ಳದೆ ನೆಲದ ಮೇಲೆ ಇಡು ಎಂದರು. ವಾಪಸ್ ಬರುವಾಗ ಹಾರ್ಬರ್ ಲೈನಿನ ಗಾಡಿಯಲ್ಲಿ ಮಾವ ನಮ್ಮ ಎದುರಿಗೇ ಕೂತು, "ಜನರಿಗೆ ಸೈನ್ಸ್ ಗೊತ್ತಿಲ್ಲ" ಎಂದು ನಿಟ್ಟುಸಿರು ಬಿಟ್ಟರು. ನನಗೆ ಮದುವೆಯಾಗಲಿಲ್ಲ ಎಂಬುದಕ್ಕೆ ಅವರೊಬ್ಬರನ್ನೇ ದೂರುವುದಿಲ್ಲ, ಬೇರೆ ಕಾರಣಗಳೂ ಇದ್ದವು. ಆದರೆ ಆ ನಿಟ್ಟುಸಿರನ್ನು ಮರೆತಿಲ್ಲ.

ತೋಳು, ಕತ್ತು ಎಲ್ಲ ತುಂಬಿಕೊಂಡವು. ಕೆನ್ನೆಯೂ ಬಹುಪಾಲು. ಬೆರಳ ತುದಿಗಳು ಮಾತ್ರ ಬಿಳಿಯಾಗಿಯೇ ಉಳಿದವು, ಅಲ್ಲಿ ಬಣ್ಣ ಹಿಡಿಯುವುದಿಲ್ಲವಂತೆ. ಮಾವ ರಿಟೈರಾದರು. ಸಂಘದವರು ಶಾಲು ಹೊದಿಸಿದರು.

ಆಮೇಲೆ ಎರಡು ವರ್ಷಕ್ಕೆ ನನ್ನ ದವಡೆಯ ಹಲ್ಲು ಕೀವು ಕಟ್ಟಿ ಮುಖ ಊದಿಕೊಂಡಿತು. ಹಲ್ಲಿನ ಡಾಕ್ಟರು ನನ್ನ ಹಳೆಯ ಆಸ್ಪತ್ರೆ ಕಾಗದ ಓದಿ ಕೈ ಹಿಂದಕ್ಕೆ ತೆಗೆದರು. ಕೀವಿಗೆ ಮಾತ್ರೆ ಕೊಡಲೇಬೇಕು, ಆದರೆ ಯಾವುದನ್ನು ಕೊಡುವುದು? "ಪಹಲೇ ನಾಮ್ ಲೇಕೆ ಆವೋ" ಎಂದರು, ಮೊದಲು ಹೆಸರು ತಿಳಿದುಕೊಂಡು ಬಾ. ನಾನು ಸೀದಾ ಮೂರನೆಯ ಮಹಡಿಗೆ ಹೋದೆ.

ಮಾವ ಆರಾಮ ಕುರ್ಚಿಯಲ್ಲಿ ಕೂತಿದ್ದರು, ಇಸ್ತ್ರಿ ಮಾಡಿದ ಪೈಜಾಮ. ನಾನು ಅವರ ಎದುರು ನೆಲದ ಮೇಲೆ ಕೂತೆ. ಮೊದಲ ಸಲ ಬೇಡಿಕೊಂಡೆ, ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

"ಯಾರಿಗೂ ಹೇಳಲ್ಲ ಮಾವ. ನಿಮ್ಮ ಕೆಲಸ ಮುಗೀತು, ಪೆನ್ಷನ್ ಬರ್ತಿದೆ, ಇನ್ನು ಯಾರು ಏನು ಮಾಡ್ತಾರೆ? ಹೆಸರೊಂದು ಹೇಳಿ. ನನ್ನ ಜೀವದ ಪ್ರಶ್ನೆ."

"ವಿಟಮಿನ್ ಅಂತ ಹೇಳಿದ್ನಲ್ಲ ಪುಟ್ಟಿ" ಎಂದರು, ಗೋಡೆ ನೋಡುತ್ತ.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಇಷ್ಟು ವರ್ಷದಲ್ಲಿ ಅವರು ಗಂಡನ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗೋದ್ರೇಜ್ ಬೀರು ತೆಗೆದು ಕೆಳಗಿನ ಅರೆಯಿಂದ ಒಂದು ಅಲ್ಯೂಮಿನಿಯಂ ಡಬರಿ ಎತ್ತಿ ತಂದು ನನ್ನ ಮುಂದೆ ಇಟ್ಟರು. ತುಂಬ ಆ ಕಪ್ಪು ಡಬ್ಬಿಗಳು, ಐವತ್ತೋ ಅರವತ್ತೋ. ಒಂದನ್ನು ತೆಗೆದು ಸೆರಗಿನ ಮೇಲೆ ಸುರಿದರು. ಬಿಳಿಯ ಗುಂಡು ಮಾತ್ರೆಗಳು. ಕೆಲವು ದಪ್ಪ, ಕೆಲವು ತೆಳು, ಕೆಲವಕ್ಕೆ ನಡುವೆ ಗೆರೆ. ಡಬ್ಬಿಯ ಮೇಲೆ ಒಂದು ಅಕ್ಷರ ಇರಲಿಲ್ಲ.

"ನೀನೇ ನೋಡಮ್ಮ" ಎಂದರು. "ಮನೆಗೆ ತಂದ ಕೂಡ್ಲೆ ಚೀಟಿ ಕಾಗದ ಎಲ್ಲ ಹರಿದು ಒಲೆಗೆ ಹಾಕೋರು. ಹೆಸರು ಗೊತ್ತಾದ್ರೆ ಜನ ಅಂಗಡೀಲಿ ಅವರೇ ತಗೋತಾರೆ, ನನ್ನ ಹತ್ರ ಯಾರು ಬರ್ತಾರೆ ಅನ್ನೋರು. ಆಮೇಲೆ ಬಣ್ಣ ನೋಡಿ ತುಂಬೋದು. ಹಳದಿ ಹೊಟ್ಟೆಗೆ, ಕೆಂಪು ರಕ್ತಕ್ಕೆ, ಬಿಳಿ ಜ್ವರಕ್ಕೆ. ಅವರಿಗೆ ಗೊತ್ತಿಲ್ಲ ಕಣಮ್ಮ. ಯಾವತ್ತೂ ಗೊತ್ತಿರಲಿಲ್ಲ."

ನಾನು ಮಾವನ ಮುಖ ನೋಡಿದೆ. ಇಷ್ಟು ವರ್ಷ ಇವರನ್ನು ಸುಳ್ಳುಗಾರ ಎಂದು ಬೈದುಕೊಂಡು ತಿರುಗಿದ್ದೆ. ಅದು ನಾನು ಅವರಿಗೆ ಕೊಟ್ಟ ದೊಡ್ಡ ಮರ್ಯಾದೆ ಎಂದು ಆ ಕ್ಷಣಕ್ಕೆ ತಿಳಿಯಿತು. ಸುಳ್ಳು ಹೇಳುವವನಿಗೆ ನಿಜ ಯಾವುದು ಎಂದಾದರೂ ಗೊತ್ತಿರುತ್ತದೆ.

"ಹಾಗಾದ್ರೆ ಗೊತ್ತಿಲ್ಲ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದೆ. "ಗೊತ್ತಿಲ್ಲ ಅಂದಿದ್ರೆ ಡಾಕ್ಟರು ಬೇರೆ ದಾರಿ ನೋಡ್ತಿದ್ರು. ಇವತ್ತೋ ನಾಳೆಯೋ ನೀವು ಹೇಳ್ತೀರಿ ಅಂತ ನಾಲ್ಕು ವರ್ಷ ಕಾದರಲ್ಲ ಅವರು."

ಮಾವನ ಕಣ್ಣಲ್ಲಿ ನೀರು ಬಂದಿತ್ತು. ನನಗೆ ಏನೂ ಅನ್ನಿಸಲಿಲ್ಲ. "ಗೊತ್ತಿಲ್ಲ ಅಂತ ಹೇಳೋದು ಹ್ಯಾಗೆ ಪುಟ್ಟಿ?" ಎಂದರು. "ಎಲ್ಲರೂ ನನ್ನನ್ನೇ ಕೇಳ್ತಿದ್ರಲ್ಲ."

ಅಷ್ಟು ಹೇಳಿ ಅವರು ಬಗ್ಗಿ ಅತ್ತೆಯ ಸೆರಗಿನಿಂದ ಒಂದು ಮಾತ್ರೆ ಆರಿಸಿದರು. ನನ್ನ ಊದಿದ ಮುಖವನ್ನು ಅಕ್ಕರೆಯಿಂದಲೇ ನೋಡಿ, ಅಂಗೈ ಮೇಲೆ ಇಟ್ಟು ನನ್ನ ಕಡೆ ಚಾಚಿದರು. ಹಲ್ಲುನೋವಿಗೆ. ಅತ್ತೆ ಅವರ ಕೈಗೆ ಹೊಡೆದರು, ಮಾತ್ರೆ ಮಂಚದ ಕೆಳಗೆ ಉರುಳಿತು. ನಾನು ಎದ್ದು ಬಂದೆ.

ಹಲ್ಲು ಕೀಳಿಸಿಕೊಂಡೆ, ಕೀವಿಗೆ ಉಪ್ಪು ನೀರು ಬಿಟ್ಟು ಬೇರೆ ಏನೂ ಇಲ್ಲದೆ ಒಂಬತ್ತು ದಿನ ನರಳಿದೆ. ಡಾಕ್ಟರಮ್ಮ ಈಗ ಬೇರೆ ಊರಿನಲ್ಲಿದ್ದಾರೆ. ಹೆಸರು ಇರಲೇ ಇಲ್ಲವಂತೆ ಎಂದು ಅವರಿಗೆ ಕಾಗದ ಬರೆದೆ, ಜ್ವರ ಬಂದರೂ ಯಾರ ಮಾತ್ರೆಯನ್ನೂ ನುಂಗಬೇಡ, ಮೊದಲು ನನಗೆ ಬರಿ ಎಂದು ಉತ್ತರ ಬಂತು. ಹಾಗಾಗಿ ಸಣ್ಣ ತಲೆನೋವಿಗೂ ನನಗೆ ಭಯ. ಸ್ಟೇಷನ್ ಎದುರಿನ ಔಷಧಿ ಅಂಗಡಿಯ ಮುಂದೆ ದಿನಾ ಹಾದುಹೋಗುತ್ತೇನೆ. ಗಾಜಿನ ಹಿಂದೆ ಸಾಲುಸಾಲಾಗಿ ಪೆಟ್ಟಿಗೆಗಳು. ಅದರಲ್ಲಿ ಯಾವುದೋ ಒಂದಕ್ಕೆ ನನ್ನ ಗುರುತು ಚೆನ್ನಾಗಿದೆ. ನನಗೆ ಅದರ ಗುರುತಿಲ್ಲ.